ನಾಲ್ಕನೆಯದರಿಂದ ಶುರುಮಾಡಿದರೆ ತಪ್ಪೇನು?

‘ಸರಣಿಯನ್ನು ಮೊದಲ ಪುಸ್ತಕದಿಂದಲೇ ಓದಬೇಕು’ ಎಂದು ಅಪ್ಪಣೆ ಕೊಡಿಸುವವರ ಬಗ್ಗೆ ನನಗೆ ತಕರಾರಿದೆ. ಮೈ ಶೋವಾಲ್, ಪೇರ್ ವಾಲೂ ಜೋಡಿ 1965ರಿಂದ 1975ರವರೆಗೆ ಪ್ರಕಟಿಸಿದ ಹತ್ತು ಮಾರ್ಟಿನ್ ಬೆಕ್ ಕಾದಂಬರಿಗಳಲ್ಲಿ ನನಗೆ ಮೊದಲು ಸಿಕ್ಕಿದ್ದು ನಾಲ್ಕನೆಯದು, ‘ದಿ ಲಾಫಿಂಗ್ ಪೊಲೀಸ್‌ಮನ್’. ಸ್ಟಾಕ್‌ಹೋಮಿನ ಬಸ್ಸೊಂದರಲ್ಲಿ ಗುಂಡಿಗೆ ಬಲಿಯಾದವರ ನಡುವೆ ಸ್ಟೆನ್‌ಸ್ಟ್ರೋಮ್ ಎಂಬ ಎಳೆಯ ಪೊಲೀಸ್ ಪತ್ತೇದಾರ. ಹಿಂದಿನವನ್ನು ಓದಿದವರಿಗೆ ಅವನು ಪರಿಚಿತ. ನನಗೆ ಬರೀ ಹೆಣ. ನಷ್ಟವೇ, ಒಪ್ಪುತ್ತೇನೆ. ಆದರೆ ಆಮೇಲೆ ಮೊದಲನೆಯದಾದ ‘ರೋಸೆನ್ನಾ’ ಓದುವಾಗ, ಅವನು ಸುಮ್ಮನೆ ಬಂದುಹೋಗುವ ಪುಟಗಳಲ್ಲೂ ನನಗೆ ಸಂಕಟವಾಯಿತು. ಕ್ರಮ ತಪ್ಪದವರು ಅವನ್ನು ಸಲೀಸಾಗಿ ದಾಟಿರುತ್ತಾರೆ.

ಲೇಖಕರೇ ಹತ್ತನ್ನೂ ಒಂದೇ ಕಥನವಾಗಿ ಯೋಜಿಸಿದ್ದರಲ್ಲ ಎನ್ನುತ್ತೀರಿ. ನಿಜ. ನಮ್ಮ ಗ್ರಂಥಾಲಯದ ಕಪಾಟು ಹಾಗೆ ಯೋಜಿಸಿರಲಿಲ್ಲ, ಅಲ್ಲಿದ್ದದ್ದು ನಾಲ್ಕನೆಯದೊಂದೇ. ನಿಮ್ಮ ಮಾತು ಕೇಳಿ ಅದನ್ನು ವಾಪಸ್ ಇಟ್ಟಿದ್ದರೆ, ಮೊದಲನೆಯದನ್ನು ಹುಡುಕಿ ತರುವ ಹಟವೂ ಹುಟ್ಟುತ್ತಿರಲಿಲ್ಲ.