ಆರ್ಟ್ಸ್ ಓದಿ ಡಾಕ್ಟರಾದವರುಂಟೇ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಾಗ ಒಂದು ವಾದ ಹುಟ್ಟುತ್ತದೆ. ಮಗಳಿಗೆ ವೈದ್ಯೆಯಾಗುವ ಹಂಬಲ. ಆದರೆ ಅವಳು ಸೇರಬಯಸುವುದು ಎರಡು ಸಾವಿರ ವಿದ್ಯಾರ್ಥಿಗಳಷ್ಟೇ ಇರುವ ಒಂದು ಲಿಬರಲ್ ಆರ್ಟ್ಸ್ ಕಾಲೇಜನ್ನು. ಕೂಡಲೇ ಊರಿಗೆ ಫೋನು ಬರುತ್ತದೆ. ಇಲ್ಲಿನ ಅಜ್ಜ, ಸೋದರಮಾವ, ಕೆಲವೊಮ್ಮೆ ನಮ್ಮಂಥ ಗುರುಗಳು ಕೂಡ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ: "ಆರ್ಟ್ಸ್ ಓದಿ ಡಾಕ್ಟರಾದವರುಂಟೇ?" ಒಂದು ಮಗುವಿನ ನಾಲ್ಕು ವರ್ಷಗಳ ಓದನ್ನು ನಿರ್ಧರಿಸುವ ಈ ತೀರ್ಪು ಅಜ್ಞಾನದಿಂದ ಹುಟ್ಟಿದ್ದೆಂದು ನಾನು ಬಲವಾಗಿ ವಾದಿಸುತ್ತೇನೆ.

ಪ್ರಿಯ ಓದುಗರೇ, ತೊಡಕಿರುವುದು ಆ ಒಂದು ಪದದಲ್ಲಿ. ನಮ್ಮ ಪಿಯುಸಿಯಲ್ಲಿ 'ಆರ್ಟ್ಸ್' ಎಂದರೆ ವಿಜ್ಞಾನಕ್ಕೆ ಅಂಕ ಸಾಲದವರು ಹೋಗಿ ಸೇರುವ ಕೊಠಡಿ ಎಂದು ಭಾವಿಸಿದ್ದೇವೆ. ಮಧ್ಯಯುಗದ ಯುರೋಪಿನ ವಿದ್ಯಾಪೀಠಗಳು ಆ ಪದದಿಂದ ಏಳು ವಿದ್ಯೆಗಳನ್ನು ಸೂಚಿಸುತ್ತಿದ್ದವು: ವ್ಯಾಕರಣ, ತರ್ಕ, ಅಲಂಕಾರಶಾಸ್ತ್ರ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಗಣಿತವೂ ನಕ್ಷತ್ರಗಳೂ ಅದರೊಳಗೇ ಇದ್ದವು. ಇಂದಿಗೂ ಅಮೆರಿಕದ ಆ ಕಾಲೇಜುಗಳಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ, ಸಾವಯವ ರಸಾಯನಶಾಸ್ತ್ರಗಳನ್ನು ಪ್ರಯೋಗಾಲಯಸಹಿತ ಕಲಿಸುತ್ತಾರೆ. ವೈದ್ಯಕೀಯ ಶಾಲೆಗಳು ಸಾಮಾನ್ಯವಾಗಿ ಕೇಳುವುದು ಈ ವಿಷಯಗಳನ್ನೇ. ಪದವಿಯ ಮುಖ್ಯ ವಿಷಯ ಯಾವುದಾದರೂ ಇರಬಹುದು.

ಅಲ್ಲಿ ನಮ್ಮಂತೆ ಪಿಯುಸಿ ಮುಗಿಸಿ ನೇರವಾಗಿ ಎಂಬಿಬಿಎಸ್‌ಗೆ ಹೋಗುವ ದಾರಿಯಿಲ್ಲ. ನಾಲ್ಕು ವರ್ಷ ಕಾಲೇಜು, ಅದಾದ ಮೇಲೆ ನಾಲ್ಕು ವರ್ಷ ವೈದ್ಯಕೀಯ. ನಡುವೆ ಎಂಕ್ಯಾಟ್ ಎಂಬ ಪರೀಕ್ಷೆ. ನಮ್ಮ ನೀಟ್ 720 ಅಂಕಗಳನ್ನು ಭೌತ, ರಸಾಯನ, ಜೀವಶಾಸ್ತ್ರಗಳಿಗೇ ಹಂಚಿಬಿಡುತ್ತದೆ. ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದು, ಸಾಹಿತ್ಯ, ತತ್ವಶಾಸ್ತ್ರ, ಸಮಾಜಚಿಂತನೆಗಳ ಗದ್ಯಭಾಗಗಳನ್ನು ಓದಿ ವಿವೇಚಿಸುವುದು: 90 ನಿಮಿಷ, 53 ಪ್ರಶ್ನೆಗಳು. ಬಾಯಿಪಾಠ ಇಲ್ಲಿ ನೆರವಿಗೆ ಬಾರದು. 2015ರಲ್ಲಿ ಪರೀಕ್ಷೆಯನ್ನು ಪರಿಷ್ಕರಿಸಿದಾಗ ಮನಃಶಾಸ್ತ್ರ ಹಾಗೂ ಸಮಾಜಶಾಸ್ತ್ರಕ್ಕಾಗಿ ಮತ್ತೊಂದು ಭಾಗವನ್ನೇ ಸೇರಿಸಿದರು. ರೋಗಿಯ ದೇಹವಷ್ಟೇ ಆಸ್ಪತ್ರೆಗೆ ಬರುವುದಿಲ್ಲ, ಅವನ ಬಡತನ, ಭಯ, ಮನೆತನ ಎಲ್ಲವೂ ಬರುತ್ತವೆಂಬುದನ್ನು ಪರೀಕ್ಷೆ ನಡೆಸುವವರೇ ಒಪ್ಪಿಕೊಂಡಂತಾಯಿತು.

ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಶಾಲೆ ಇನ್ನೂ ಮುಂದೆ ಹೋಗಿ, 1987ರಲ್ಲೇ ಮಾನವಿಕ ವಿಷಯಗಳ ವಿದ್ಯಾರ್ಥಿಗಳನ್ನು ಎಂಕ್ಯಾಟ್ ಇಲ್ಲದೆಯೇ ಸೇರಿಸಿಕೊಳ್ಳುವ ಯೋಜನೆಯನ್ನು ಆರಂಭಿಸಿತು.

ಆಂಟನಿ ಫೌಚಿಯವರ ಹೆಸರನ್ನು ಕೋವಿಡ್ ಕಾಲದಲ್ಲಿ ಕೇಳದವರಿಲ್ಲ. 1984ರಿಂದ 2022ರವರೆಗೆ ಅಮೆರಿಕದ ಸೋಂಕುರೋಗಗಳ ರಾಷ್ಟ್ರೀಯ ಸಂಸ್ಥೆಯನ್ನು ನಡೆಸಿದ ಈ ವೈದ್ಯರು ವೂಸ್ಟರ್‌ನಲ್ಲಿರುವ ಹೋಲಿ ಕ್ರಾಸ್ ಕಾಲೇಜಿನಲ್ಲಿ ಓದಿದವರು. ಯೇಸುಸಭೆಯ ಗುರುಗಳು 1843ರಲ್ಲಿ ಕಟ್ಟಿದ ಲಿಬರಲ್ ಆರ್ಟ್ಸ್ ಕಾಲೇಜದು. 1962ರಲ್ಲಿ ಅವರು ಅಲ್ಲಿ ಪಡೆದ ಪದವಿ ಗ್ರೀಕ್ ಮತ್ತು ಲತೀನ್ ಅಭಿಜಾತ ಸಾಹಿತ್ಯದ್ದು. ಜೊತೆಯಲ್ಲೇ ವಿಜ್ಞಾನದ ಪಾಠಗಳನ್ನೂ ಮುಗಿಸಿ, 1966ರಲ್ಲಿ ಕಾರ್ನೆಲ್‌ನಿಂದ ವೈದ್ಯರಾಗಿ ಹೊರಬಂದರು. 'ಉಂಟೇ?' ಎಂದು ಕೇಳುವ ಸೋದರಮಾವನಿಗೆ ಇಷ್ಟು ಉತ್ತರ ಸಾಕು. (ಗುರುಮಠದಲ್ಲಿ ನಮಗೂ ದೈವಶಾಸ್ತ್ರದ ಮೊದಲು ತತ್ವಶಾಸ್ತ್ರ ಕಲಿಸಿದರು. ಅದನ್ನು ವ್ಯರ್ಥವೆಂದವರು ಆಗಲೂ ಇದ್ದರು.)

ಸಣ್ಣ ಕಾಲೇಜಿನ ಇನ್ನೊಂದು ಲಾಭವನ್ನು ನಮ್ಮವರು ಗಮನಿಸುವುದೇ ಇಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ನೂರಾರು ಮಂದಿಯ ನಡುವೆ ರಸಾಯನಶಾಸ್ತ್ರ ಕೇಳುವ ವಿದ್ಯಾರ್ಥಿಯ ಮುಖವೇ ಪ್ರಾಧ್ಯಾಪಕರಿಗೆ ತಿಳಿಯದೆ ಹೋಗಬಹುದು. ಸಣ್ಣ ಕಾಲೇಜಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಇಲ್ಲದಿರುವುದರಿಂದ ಪ್ರಯೋಗಾಲಯದಲ್ಲಿ ಗುರುವಿನ ಪಕ್ಕ ನಿಲ್ಲುವವರು ಪದವಿ ವಿದ್ಯಾರ್ಥಿಗಳೇ. ವೈದ್ಯಕೀಯ ಶಾಲೆಗೆ ಶಿಫಾರಸು ಪತ್ರ ಬರೆಯುವವರೂ ಆ ಗುರುಗಳೇ.

ಹಾಗೆಂದು ಕಣ್ಣುಮುಚ್ಚಿ ಸೇರಿಸಿರೆಂದು ನಾನು ಹೇಳಲಾರೆ. ಇಂಥ ಹಲವು ಕಾಲೇಜುಗಳ ಘೋಷಿತ ವಾರ್ಷಿಕ ವೆಚ್ಚ 80,000 ಡಾಲರ್ ದಾಟಿದೆ. ಬಡ ಮನೆಗೆ ಎಷ್ಟು ರಿಯಾಯಿತಿ ಸಿಗುವುದೆಂದು ಬರಹದಲ್ಲಿ ಪಡೆಯದೆ ಹೆಜ್ಜೆ ಇಡಬಾರದು. ಇಲ್ಲಿಂದಲೇ ಮಕ್ಕಳನ್ನು ಕಳುಹಿಸಬಯಸುವವರು ಇನ್ನೊಂದನ್ನು ತಿಳಿಯಬೇಕು: ಅಲ್ಲಿನ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರನ್ನು ಹೆಚ್ಚಿನ ವೈದ್ಯಕೀಯ ಶಾಲೆಗಳು ಸೇರಿಸಿಕೊಳ್ಳುವುದೇ ಇಲ್ಲ. ಆ ಮಕ್ಕಳಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದ್ದು.

ಇನ್ನು ಕಾಲೇಜುಗಳ ಜಾಹೀರಾತು. "ನಮ್ಮವರಲ್ಲಿ ನೂರಕ್ಕೆ ತೊಂಬತ್ತು ಮಂದಿ ವೈದ್ಯಕೀಯಕ್ಕೆ ಆಯ್ಕೆಯಾಗುತ್ತಾರೆ" ಎಂಬಂಥ ಲೆಕ್ಕ ಕಂಡಾಗ ಹಿಗ್ಗಬೇಡಿ. ಕೆಲವು ಕಾಲೇಜುಗಳಲ್ಲಿ ಒಂದು ಸಮಿತಿಯಿದ್ದು, ದುರ್ಬಲನೆಂದು ಕಂಡವನಿಗೆ ಅದು ತನ್ನ ಪತ್ರವನ್ನೇ ಕೊಡುವುದಿಲ್ಲ. ಅರ್ಜಿ ಹಾಕದೆ ಹಿಂದೆ ಸರಿದವನು ಲೆಕ್ಕಕ್ಕೆ ಸಿಗುವುದೂ ಇಲ್ಲ. ಆದ್ದರಿಂದ ಮೊದಲ ವರ್ಷ ವೈದ್ಯನಾಗಬೇಕೆಂದು ಬಂದವರೆಷ್ಟು, ಕೊನೆಗೆ ಆ ಬಾಗಿಲು ದಾಟಿದವರೆಷ್ಟು, ಎರಡನ್ನೂ ಕೇಳಿ. ಎರಡನೆಯ ಸಂಖ್ಯೆಯನ್ನಷ್ಟೇ ಕೊಟ್ಟು ಮೊದಲನೆಯದನ್ನು ಬಚ್ಚಿಡುವ ಕಾಲೇಜಿನಿಂದ ಮಗುವನ್ನು ದೂರವಿಡಿ, ಅದರ ಹೆಸರು ಎಷ್ಟೇ ದೊಡ್ಡದಿರಲಿ.