ಪದಕ ಕೇಳುವ ಮೊದಲು ಮೈದಾನದ ಪಹಣಿ ತೋರಿಸಿ

ಪ್ಯಾರಿಸ್ ಒಲಿಂಪಿಕ್ಸ್‌ನ ಸೋಲನ್ನು 22 ವರ್ಷದ ಹುಡುಗನೊಬ್ಬನ ತಲೆಗೆ ಕಟ್ಟಿದ್ದು ಅನ್ಯಾಯ. 2024ರ ಆಗಸ್ಟ್ 5ರಂದು ಬ್ಯಾಡ್ಮಿಂಟನ್‌ನ ಕಂಚಿನ ಪದಕದ ಪಂದ್ಯದಲ್ಲಿ ಲಕ್ಷ್ಯ ಸೇನ್ ಮಲೇಷ್ಯಾದ ಲೀ ಝಿ ಜಿಯಾ ಎದುರು ಮೊದಲ ಗೇಮ್ 21-13ರಿಂದ ಗೆದ್ದು, ಉಳಿದೆರಡನ್ನು 16-21, 11-21ರಿಂದ ಸೋತರು. ಲಕ್ಷ್ಯ ಅವರ ಬೆವರು ಆರುವ ಮೊದಲೇ ಅವರ ಮಾರ್ಗದರ್ಶಕ ಪ್ರಕಾಶ್ ಪಡುಕೋಣೆ ಮಾತಾಡಿದರು: ಸರ್ಕಾರವೂ ಫೆಡರೇಷನ್ನೂ ಮಾಡಬೇಕಾದ್ದನ್ನು ಮಾಡಿವೆ, ಇನ್ನು ಹೊಣೆ ಹೊರಬೇಕಾದವರು ಆಟಗಾರರು. ಗೆದ್ದಾಗ ಹೆಸರು ಪಡೆಯುವ ತರಬೇತುದಾರರು ಸೋತಾಗ ಏಕೆ ಹೊಣೆ ಹೊರುವುದಿಲ್ಲ ಎಂದು ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿಯೇ ಕೇಳಿದರು. ಪ್ರಕಾಶ್ ಅವರ ಮೇಲೆ ನನಗಿರುವ ಗೌರವ ದೊಡ್ಡದು. ಆದರೂ ಈ ಜಗಳದಲ್ಲಿ ನಾನು ಅಶ್ವಿನಿಯವರ ಕಡೆ.

ನನ್ನ ಸಿಟ್ಟು ಇನ್ನೊಂದು ಕಾರಣಕ್ಕೂ ಇದೆ. ಸರ್ಕಾರ ಮಾಡಬೇಕಾದ್ದನ್ನು ಮಾಡಿದೆ ಎನ್ನುವುದಾದರೆ, ಹಣ ಕೊಟ್ಟಿದ್ದು ಯಾರಿಗೆ? ಪ್ಯಾರಿಸ್ ಸಿದ್ಧತೆಗೆ ಕೇಂದ್ರ ಸುಮಾರು 470 ಕೋಟಿ ರೂಪಾಯಿ ಖರ್ಚು ಮಾಡಿತು, ಅದರಲ್ಲಿ ಬ್ಯಾಡ್ಮಿಂಟನ್‌ಗೇ 72 ಕೋಟಿ. ಅಷ್ಟೂ ಹಣ ಹೋದದ್ದು ಆಗಲೇ ಮೇಲೆ ಬಂದಿದ್ದವರಿಗೆ. 140 ಕೋಟಿ ಜನರ ದೇಶದಿಂದ ಹೋದದ್ದು 117 ಮಂದಿ. ಬಂದದ್ದು ಒಂದು ಬೆಳ್ಳಿ, ಐದು ಕಂಚು, ಪದಕಪಟ್ಟಿಯಲ್ಲಿ 71ನೇ ಸ್ಥಾನ. ಟೋಕಿಯೊದಲ್ಲಿ ಏಳು ಪದಕ ಬಂದಿದ್ದವು. ಪ್ಯಾರಿಸ್‌ನಲ್ಲಿ ಆರು ಕಡೆ ನಾಲ್ಕನೇ ಸ್ಥಾನಕ್ಕೆ ನಿಂತೆವಲ್ಲ, ಅದನ್ನು ಆಟಗಾರರ ಗಟ್ಟಿತನದ ಕೊರತೆ ಎಂದು ಸುಲಭವಾಗಿ ಹೇಳಿಬಿಡಬಹುದು. ಒಬ್ಬ ಲಕ್ಷ್ಯನ ಹಿಂದೆ ಅಂಥ ಹತ್ತು ಮಂದಿ ಏಕಿಲ್ಲ ಎಂಬುದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ಪ್ರಕಾಶ್ ಅವರ ಬಾಲ್ಯವೇ ಆ ಉತ್ತರದ ಒಂದು ಭಾಗ. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳೂ ನಡೆಯುತ್ತಿದ್ದ ಜಾಗ, ಮದುವೆ ಇದ್ದ ದಿನ ಆಟವಿಲ್ಲ. ಹಾಗಿದ್ದೂ 1980ರಲ್ಲಿ ಅವರು ಆಲ್ ಇಂಗ್ಲೆಂಡ್ ಗೆದ್ದರು. ಮನೆಗೆ ಹತ್ತಿರದಲ್ಲೊಂದು ಸಭಾಂಗಣ ಇದ್ದದ್ದರಿಂದ ಒಬ್ಬ ಪ್ರಕಾಶ್ ಸಿಕ್ಕರು. ಬೆಂಗಳೂರು ಗ್ರಾಮಾಂತರದ ತೂಬಗೆರೆಯ, ಸೂಲಿಬೆಲೆಯ, ತ್ಯಾಮಗೊಂಡ್ಲುವಿನ ಹುಡುಗಿ ಶಾಲೆ ಬಿಟ್ಟ ಮೇಲೆ ನಡೆದು ಹೋಗಬಹುದಾದ ಅಂಥ ಜಾಗ ಎಲ್ಲಿದೆ?

ಬೆಂಗಳೂರು ಗ್ರಾಮಾಂತರದಲ್ಲಿ ಜಾಗವೇ ಇಲ್ಲ ಎಂದು ಯಾರೂ ಹೇಳಬೇಡಿ. ವಿಮಾನ ನಿಲ್ದಾಣಕ್ಕೆ ಜಾಗ ಸಿಕ್ಕಿತು. ಕಾರ್ಖಾನೆಗಳಿಗೆ, ಬಡಾವಣೆಗಳಿಗೆ ಸಿಗುತ್ತಲೇ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನಕ್ಕೆ ಹೊರಟ ಸರ್ಕಾರ, ರೈತರು ವರ್ಷಗಟ್ಟಲೆ ಧರಣಿ ಕೂತ ಮೇಲಷ್ಟೇ 2025ರ ಜುಲೈನಲ್ಲಿ ಹಿಂದೆ ಸರಿಯಿತು. ವಿಮಾನ ನಿಲ್ದಾಣದ ಹತ್ತಿರವೇ 40 ಎಕರೆಯಲ್ಲಿ ಬಿಸಿಸಿಐ ತನ್ನ ಉತ್ಕೃಷ್ಟತಾ ಕೇಂದ್ರ ಕಟ್ಟಿದೆ. ಅಲ್ಲಿ ಮೂರು ಮೈದಾನಗಳಿವೆ. ಅದು ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ, ಪ್ಯಾರಿಸ್‌ನ ಶೋಕ ಇನ್ನೂ ಮುಗಿಯದಿದ್ದಾಗ. ಕ್ರಿಕೆಟ್‌ನ ಮೇಲೆ ನನಗೆ ದ್ವೇಷವಿಲ್ಲ, ಅವರು ತಮ್ಮ ದುಡ್ಡಿನಲ್ಲಿ ಕಟ್ಟಿಕೊಂಡಿದ್ದಾರೆ. ಆದರೆ ಅದೇ ನೆಲದ ಸರ್ಕಾರಿ ಶಾಲೆಯ ಮಕ್ಕಳು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಬರಿಗಾಲಲ್ಲಿ ಬಂದು, ಸುಣ್ಣದ ಪುಡಿಯ ಗೆರೆಯ ಮೇಲೆ ಓಡಿ, ಸಂಜೆಗೆ ಒಂದು ಪ್ರಮಾಣಪತ್ರ ಹಿಡಿದು ವಾಪಸಾಗುತ್ತಾರೆ. ಚೆನ್ನಾಗಿ ಓಡಿದವಳನ್ನು ಮರುದಿನದಿಂದ ಯಾರು ನೋಡಿಕೊಳ್ಳಬೇಕು? ಪಿಟಿ ಮೇಷ್ಟ್ರಿಗೆ ಚುನಾವಣೆ ಕೆಲಸ, ಗಣತಿ ಕೆಲಸ. ಪಿಟಿ ಮೇಷ್ಟ್ರೇ ಇಲ್ಲದ ಶಾಲೆಯ ಮಾತು ಬಿಡಿ.

ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ. ಕಾಯ್ದೆ ಇದೆ, ಕೇಳುವವರಿಲ್ಲ. ಒಲಿಂಪಿಕ್ ಚಿನ್ನ ತಂದವರಿಗೆ ಕೋಟಿ ಕೋಟಿ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸುತ್ತದೆ. ಅದು ಗೆದ್ದ ಮೇಲಿನ ಹಣ, ಗೆಲ್ಲುವುದಕ್ಕೆ ಬೇಕಾದ ಹಣವಲ್ಲ. ಇತ್ತ 2036ರ ಒಲಿಂಪಿಕ್ಸ್ ನಡೆಸುತ್ತೇವೆಂದು ದೇಶ 2024ರ ಅಕ್ಟೋಬರ್‌ನಲ್ಲೇ ಪತ್ರ ಬರೆದಾಗಿದೆ. 2036ಕ್ಕೆ ಓಡಬೇಕಾದವರು ಈಗ ಪ್ರಾಥಮಿಕ ಶಾಲೆಯಲ್ಲಿದ್ದಾರೆ.

ಆದ್ದರಿಂದ ಜಿಲ್ಲಾಡಳಿತವನ್ನು ಕೇಳುತ್ತೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಪ್ರತಿ ಸರ್ಕಾರಿ ಶಾಲೆಯ ಮೈದಾನದ ಸರ್ವೆ ನಂಬರ್, ವಿಸ್ತೀರ್ಣ, ಒತ್ತುವರಿ ಎಷ್ಟು ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಹೊಸ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿಎ ನಿವೇಶನಗಳಲ್ಲಿ ಹೋಬಳಿಗೊಂದನ್ನಾದರೂ ಒಳಾಂಗಣ ಆಟಕ್ಕೆ ಮೀಸಲಿಡಿ, ಅಲ್ಲಿಗೆ ಸಂಬಳ ಕೊಟ್ಟು ಒಬ್ಬ ತರಬೇತುದಾರರನ್ನು ನೇಮಿಸಿ. ಹೋಬಳಿ ಕ್ರೀಡಾಕೂಟದಲ್ಲಿ ಗೆದ್ದ ಮಕ್ಕಳ ಪಟ್ಟಿಯನ್ನು ಆ ತರಬೇತುದಾರರ ಕೈಗೆ ಕೊಡಿ. ಇಷ್ಟನ್ನು ಮಾಡಿದ ಮೇಲೆ ಆಟಗಾರರ ಹೊಣೆಯ ಬಗ್ಗೆ ಮಾತಾಡೋಣ.