ಅತಿಥಿಯ ಸರದಿ

ಮೊನ್ನೆ ಭಾನುವಾರ ರಾಜಾಜಿನಗರದಲ್ಲಿ ಹಳೆಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಕಾಫಿಗಿಂತ ಮೊದಲು ವ್ಯಾಜ್ಯ ಬಂದಿತು. ಮೊಮ್ಮಗಳು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಂಗ್ಲಿಷ್ ಹಾಡೊಂದನ್ನು ಹಾಡುವಳಂತೆ. ಜೊತೆಗೆ ಸಹಪಾಠಿಯೊಬ್ಬ ರ‍್ಯಾಪ್ ಹೇಳುವನಂತೆ. ಅವಳಿಗೆ ಸರಳೆ ಕಲಿಸಿದ ತಾತನಿಗೆ ಇದು ಸಹಿಸದು.

“ಹಾಡುವವಳು ನೀನು. ನಡುವೆ ಬಾಯಿ ಹಾಕಲು ಅವನಾರು?”

“ಒಂದು ಸಲ ಕೇಳಿ ತಾತ, ಆಮೇಲೆ ಬೈಯಿರಿ” ಎಂದು ಹುಡುಗಿ ಹಾಡನ್ನು ಹಾಕಿದಳು.

ಅದರ ಪೂರ್ವೋತ್ತರವನ್ನು ವಾಚಕರಿಗೆ ಹೇಳಬೇಕು. ಹಾಡು ‘ಐ ಫೀಲ್ ಫಾರ್ ಯು’, 1984ರದು. ಹಾಡಿದಾಕೆ ಅಮೆರಿಕದ ಚಾಕಾ ಖಾನ್; ರೂಫಸ್ ಎಂಬ ವಾದ್ಯವೃಂದದಲ್ಲಿ ಫಂಕ್ ಹಾಡಿ ಹೆಸರಾದವರು. ಫಂಕ್ ಎಂದರೆ ಲಯವೇ ಯಜಮಾನನಾದ ಸಂಗೀತ. ಆವರ್ತದ ಮೊದಲ ಪೆಟ್ಟಿಗೆ ಅದರಲ್ಲಿ ವಿಶೇಷ ಒತ್ತು. ಹಾಡನ್ನು ರಚಿಸಿದ ಪ್ರಿನ್ಸ್ 1979ರಲ್ಲಿಯೇ ತಾವೇ ಹಾಡಿ ಮುದ್ರಿಸಿದ್ದರು. ಆಗ ಅದಕ್ಕೆ ಇಷ್ಟು ಕೀರ್ತಿ ಬರಲಿಲ್ಲ. ಚಾಕಾ ಖಾನರ ಮುದ್ರಿಕೆಗೆ ಸ್ಟೀವಿ ವಂಡರ್ ಹಾರ್ಮೋನಿಕಾ ನುಡಿಸಿದರು. ಮೆಲ್ಲಿ ಮೆಲ್ ರ‍್ಯಾಪ್ ಹೇಳಿದರು. 1982ರ ‘ದಿ ಮೆಸೇಜ್’ನಲ್ಲಿ ನ್ಯೂಯಾರ್ಕಿನ ಬಡಕೇರಿಯ ಬವಣೆಯನ್ನು ಹೇಳಿದ ದನಿ ಅದೇ. ಬೀದಿಯಲ್ಲಿ ಬೆಳೆದ ಆ ಕಲೆಯನ್ನು ಹೆಸರಾಂತ ಗಾಯಕರು ಒಳಗೆ ಕರೆಯುವುದು ಆಗ ಅಪರೂಪ.

ಮೊದಲಿಗೇ ಆತ ಗಾಯಕಿಯ ಹೆಸರನ್ನು ತಡವರಿಸಿದಂತೆ ಮತ್ತೆ ಮತ್ತೆ ಕರೆಯುವುದುಂಟು. ಅದು ನಿರ್ಮಾಪಕ ಆರಿಫ್ ಮಾರ್ಡಿನ್ನರ ಕೈ ಯಂತ್ರದ ಮೇಲೆ ಜಾರಿದ್ದರ ಫಲವಂತೆ! ತಪ್ಪನ್ನು ಅಳಿಸದೆ ಉಳಿಸಿಕೊಂಡರು. ಹಾಡು ಬ್ರಿಟನ್ನಿನಲ್ಲಿ 1ನೆಯ ಸ್ಥಾನಕ್ಕೂ ಅಮೆರಿಕದಲ್ಲಿ 3ನೆಯ ಸ್ಥಾನಕ್ಕೂ ಏರಿತು. ಗಾಯಕಿಗೂ ರಚನಕಾರರಿಗೂ ಗ್ರ್ಯಾಮಿ ಪ್ರಶಸ್ತಿಯನ್ನು ತಂದಿತು. ಅತಿಥಿಗೆ ಎಡೆಯಿತ್ತುದರಿಂದ ಮನೆಯೊಡತಿಯ ಮಾನ ಕುಂದಲಿಲ್ಲ.

ನಮ್ಮಲ್ಲಿಯೂ ಇದು ಇಲ್ಲವೆ? ಹರಿಕಥೆಯ ದಾಸರು ಹಾಡುತ್ತಲೇ ಮಾತಿಗಿಳಿಯುತ್ತಾರೆ. ಕೊನ್ನಕ್ಕೋಲಿನವರು ಬಾಯಲ್ಲೇ ಜತಿ ನುಡಿಯುತ್ತಾರೆ. ತನಿ ಆವರ್ತನ ನಡೆಯುವಾಗ ಗಾಯಕರು ಸುಮ್ಮನೆ ತಾಳ ಹಾಕುತ್ತ ಕೂತರೆ ಅದು ಅವರ ದೊಡ್ಡತನವೇ. ಇಂದು ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರು ಕನ್ನಡದಲ್ಲಿಯೇ ರ‍್ಯಾಪ್ ಹೇಳಿ ಮನೆಮಾತಾಗಿದ್ದಾರೆ.

ಇದನ್ನೆಲ್ಲ ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮಿತ್ರರ ಕೈ ತೊಡೆಯ ಮೇಲೆ ಆಡತೊಡಗಿತ್ತು.

“ಮಾತಾಡುತ್ತಾನೆ, ಆದರೆ ತಾಳ ಬಿಡುವುದಿಲ್ಲ” ಎಂದರು ಮೆಲ್ಲನೆ. ಅನಂತರ ಮೊಮ್ಮಗಳತ್ತ ತಿರುಗಿ, “ಆಹ್ವಾನಪತ್ರಿಕೆಯಲ್ಲಿ ಆ ಹುಡುಗನ ಹೆಸರಿದೆಯೊ?”

“ಇಲ್ಲ ತಾತ.”

“ಹಾಕಿಸು. ಪಕ್ಕವಾದ್ಯದವರ ಹೆಸರಿಲ್ಲದ ಕಚೇರಿ ಯಾವ ಕಚೇರಿ!”

ಕಾಫಿ ಆಗ ಬಂದಿತು.